ಗ್ಯಾಸ್ ಒಲೆಯ ಅಡುಗೆಮನೆ: ಗಾಳಿ ಸಂಚಾರದ ಅಗತ್ಯ ಮತ್ತು ಅದರ ಲೆಕ್ಕಾಚಾರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವರ್ತಕ ವರ್ಗದಲ್ಲಿ ಅಡುಗೆಯ ಒಲೆಯನ್ನೇ ನಂಬಿ ಜೀವನ ಸಾಗಿಸುವವರ ಸಂಖ್ಯೆ ಸಣ್ಣದೇನಲ್ಲ. ಶ್ರೀರಂಗನಾಥಸ್ವಾಮಿಯ ದರ್ಶನಕ್ಕೆ ಬರುವವರನ್ನು ಅವಲಂಬಿಸಿದ ಹೋಟೆಲುಗಳು, ಮೇಲುಕೋಟೆಯ ಪುಳಿಯೋಗರೆ ತಯಾರಕರು, ಬೆಳ್ಳೂರು ಕ್ರಾಸಿನ ಹೆದ್ದಾರಿ ಬದಿಯ ಉಪಾಹಾರ ಗೃಹಗಳು, ಕೃಷ್ಣರಾಜಪೇಟೆಯ ಬೇಕರಿಗಳು, ಎಲ್ಲ ಊರುಗಳ ಕಲ್ಯಾಣ ಮಂಟಪಗಳು ಮತ್ತು ಕುರುಕಲು ತಿಂಡಿಯ ಸಣ್ಣ ಘಟಕಗಳು ಈ ವರ್ಗಕ್ಕೆ ಸೇರುತ್ತವೆ. ಈ ಉದ್ಯಮಗಳಲ್ಲಿ ಬಹುಪಾಲು ಸೌದೆಯನ್ನು ಬಿಟ್ಟು ಅನಿಲಕ್ಕೆ ಬಂದಿವೆ.

ಸೌದೆ ಒಲೆಯ ಕಾಲದಲ್ಲಿ ಅಡುಗೆಮನೆಗೆ ಹೊಗೆಗೂಡು ಇರುತ್ತಿತ್ತು. ಮಾಡಿನಲ್ಲಿ ಬೆಳಕಿಂಡಿ ಇರುತ್ತಿತ್ತು. ಹಿತ್ತಲ ಬಾಗಿಲು ಸದಾ ತೆರೆದಿರುತ್ತಿತ್ತು. ಅವನ್ನು ಯಾರೂ ಶಾಸ್ತ್ರ ಓದಿ ಇಡಲಿಲ್ಲ. ಹೊಗೆ ಕಣ್ಣಿಗೆ ಚುಚ್ಚಿದ್ದರಿಂದ ಇಟ್ಟರು. ಅನಿಲ ಬಂದ ಮೇಲೆ ಹೊಗೆ ಕಾಣಿಸದಾಯಿತು. ಹೊಗೆ ಇಲ್ಲವೆಂದ ಮೇಲೆ ಕಿಂಡಿ ಏಕೆ ಎಂಬ ಭಾವನೆ ಬೆಳೆಯಿತು. ಬೆಳಕಿಂಡಿಗೆ ಗಾಜು ಬಿತ್ತು, ಹೊಗೆಗೂಡಿನ ಬಾಯಿ ಮುಚ್ಚಿತು, ಇಲಿ ಹೆಗ್ಗಣಗಳ ಕಾಟಕ್ಕೆ ನೆಲಮಟ್ಟದ ಜಾಲರಿಗೂ ಸಿಮೆಂಟು ಬಿತ್ತು. ಕಾಣದ ಹೊಗೆಗೂ ದಾರಿ ಬೇಕು ಎಂಬುದೇ ಈ ಲೇಖನದ ಮುಖ್ಯ ವಿಷಯ. ಆ ದಾರಿಯ ಅಳತೆಯನ್ನು ಯಾವ ಉದ್ಯಮಿಯೂ ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳಬಹುದು.

ಆಲೆಮನೆಯ ಪಾಠ

ಈ ಭಾಗದ ಜನರಿಗೆ ಬೆಂಕಿ ಮತ್ತು ಗಾಳಿಯ ಸಂಬಂಧವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪಾಂಡವಪುರ, ಕೃಷ್ಣರಾಜಪೇಟೆಗಳ ಆಲೆಮನೆಗಳಲ್ಲಿ ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಉರಿಸುವವನು ಗಾಳಿಯ ಎಳೆತವನ್ನು ಗಮನಿಸುತ್ತಲೇ ಇರುತ್ತಾನೆ. ಕೆಳಗಿನಿಂದ ಗಾಳಿ ಒಳಗೆ ಬರಬೇಕು, ಚಿಮಣಿಯ ಮೂಲಕ ಸುಟ್ಟ ಗಾಳಿ ಹೊರಗೆ ಹೋಗಬೇಕು. ಬೂದಿ ಕಟ್ಟಿಕೊಂಡು ಕೆಳಗಿನ ದಾರಿ ಮುಚ್ಚಿದರೆ ಚಿಮಣಿ ಎಷ್ಟೇ ಎತ್ತರವಿದ್ದರೂ ಉರಿ ಮಂಕಾಗುತ್ತದೆ, ಪಾಕ ತಡವಾಗುತ್ತದೆ. ಒಳಬರುವ ದಾರಿ ಮತ್ತು ಹೊರಹೋಗುವ ದಾರಿ ಇವೆರಡೂ ಒಟ್ಟಿಗೆ ಇದ್ದರೆ ಮಾತ್ರ ಗಾಳಿ ಚಲಿಸುತ್ತದೆ. ಗ್ಯಾಸ್ ಒಲೆಯ ಅಡುಗೆಮನೆಗೂ ಇದೇ ನಿಯಮ ಅನ್ವಯಿಸುತ್ತದೆ.

ಎರಡು ಪ್ರತ್ಯೇಕ ಅಪಾಯಗಳು

ಗ್ಯಾಸ್ ಅಡುಗೆಮನೆಯಲ್ಲಿ ಉರಿಯದ ಅನಿಲ ಒಂದು ಅಪಾಯ, ಉರಿದ ಅನಿಲ ಇನ್ನೊಂದು ಅಪಾಯ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹಲವು ತಪ್ಪುಗಳು ನಡೆಯುತ್ತವೆ.

ಸಿಲಿಂಡರಿನಲ್ಲಿ ಬರುವ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅದು ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದಾಗ ನೀರಿನಂತೆ ಕೆಳಗೆ ಇಳಿದು ನೆಲದ ಮೇಲೆ ಹರಡುತ್ತದೆ. ಚರಂಡಿ, ಹಳ್ಳ, ನೆಲಮಾಳಿಗೆಗಳಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಚಾವಣಿಯ ಬಳಿಯ ಫ್ಯಾನು ಒಂದೇ ಸೋರಿಕೆಗೆ ಸಾಕಾದ ರಕ್ಷಣೆಯಲ್ಲ.

ಉರಿದ ಅನಿಲವಾದರೋ ಬಿಸಿಯಾದ ಕಾರಣ ಮೇಲಕ್ಕೆ ಏರುತ್ತದೆ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಇರುತ್ತವೆ. ಆಮ್ಲಜನಕ ಸಾಲದೆ ಹೋದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಸೇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅನಿಲಕ್ಕೆ ಬೆರೆಸಿರುವ ಕಟುವಾಸನೆಯ ವಸ್ತುವು ಉರಿಯುವಾಗ ಸುಟ್ಟುಹೋಗುವುದರಿಂದ ಅದೂ ಎಚ್ಚರಿಕೆ ಕೊಡಲಾರದು. ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ನೊಡನೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಸುಸ್ತು, ವಾಕರಿಕೆ. ನಂತರ ಪ್ರಜ್ಞೆ ತಪ್ಪುವುದು. ಒಲೆಯ ಮುಂದೆ ನಿಂತವನು ಇದನ್ನು ಬಿಸಿಲ ಝಳ ಅಥವಾ ನಿದ್ದೆಗೇಡಿನ ಪರಿಣಾಮವೆಂದು ಭಾವಿಸುವುದೇ ಹೆಚ್ಚು. ಮುಚ್ಚಿದ ಸ್ನಾನಗೃಹಗಳಲ್ಲಿ ಗ್ಯಾಸ್ ಗೀಸರಿನಿಂದ ಸಾವು ಸಂಭವಿಸಿದ ಸುದ್ದಿಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ಬಂದಿವೆ; ಅವುಗಳ ಹಿಂದಿರುವುದೂ ಇದೇ ಅನಿಲ. ವಸತಿಗೃಹ ನಡೆಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮೊದಲನೆಯ ಲೆಕ್ಕ: ಸೋರಿಕೆ

12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಟ್ಟು ಗಾತ್ರ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಾಳಿಯಲ್ಲಿ ಈ ಅನಿಲದ ಪ್ರಮಾಣ ಸುಮಾರು ಶೇ. 1.8ರಷ್ಟಾದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಇಡೀ ಕೋಣೆಯಲ್ಲಿ ಸಮನಾಗಿ ಬೆರೆತು ಆ ಮಟ್ಟ ತಲುಪಬೇಕಾದರೆ ಸುಮಾರು 1.3 ಕೆ.ಜಿ. ಅನಿಲ ಬೇಕು. ಆದರೆ ಅನಿಲ ಸಮನಾಗಿ ಬೆರೆಯುವುದಿಲ್ಲ, ನೆಲಕ್ಕೆ ಇಳಿಯುತ್ತದೆ. ನೆಲದಿಂದ ಒಂದು ಅಡಿ ಎತ್ತರದವರೆಗಿನ ಗಾಳಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸುಮಾರು 130 ಗ್ರಾಂ ಸಾಕು. ಇದು 19 ಕೆ.ಜಿ. ಸಿಲಿಂಡರಿನ 140ರಲ್ಲಿ ಒಂದು ಭಾಗಕ್ಕೂ ಕಡಿಮೆ. ಗಂಟೆಗೆ 400 ಗ್ರಾಂ ಅನಿಲ ಉರಿಸುವ ಬರ್ನರ್ ಒಂದರ ತಿರುಗುಗುಂಡಿಯನ್ನು ರಾತ್ರಿ ಮುಚ್ಚಲು ಮರೆತರೆ ಇಷ್ಟು ಅನಿಲ ಹೊರಬರಲು ಸುಮಾರು 20 ನಿಮಿಷ ಹಿಡಿಯುತ್ತದೆ. ಷಟರ್ ಎಳೆದು ಬೀಗ ಹಾಕಿದ ಹೋಟೆಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಆರು ಗಂಟೆಗಳಿರುತ್ತವೆ. ಬೆಳಗ್ಗೆ ಬಂದು ದೀಪದ ಸ್ವಿಚ್ ಒತ್ತುವವನು ಸಾಮಾನ್ಯವಾಗಿ ಅಂಗಡಿಯ ಅತಿ ಕಡಿಮೆ ಸಂಬಳದ ಹುಡುಗನೇ ಆಗಿರುತ್ತಾನೆ.

ಎರಡನೆಯ ಲೆಕ್ಕ: ಉರಿ

ಅದೇ ಅಡುಗೆಮನೆಯಲ್ಲಿ ದಿನಕ್ಕೆ 10 ಗಂಟೆ ಕೆಲಸ ನಡೆದು 19 ಕೆ.ಜಿ.ಯ ಒಂದು ಸಿಲಿಂಡರ್ ಖರ್ಚಾಗುವುದೆಂದು ಇಟ್ಟುಕೊಳ್ಳೋಣ. ಗಂಟೆಗೆ 1.9 ಕೆ.ಜಿ. ಆಯಿತು. ಒಂದು ಕೆ.ಜಿ. ಅನಿಲ ಪೂರ್ಣವಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಅಂದರೆ ಒಲೆಯೊಂದಕ್ಕೇ ಗಂಟೆಗೆ ಸುಮಾರು 25 ಘನ ಮೀಟರ್ ಗಾಳಿ ಬೇಕು. ಮನುಷ್ಯರ ಉಸಿರಾಟದ ಲೆಕ್ಕ ಬೇರೆ. ಉರಿದ ಪ್ರತಿ ಕೆ.ಜಿ.ಗೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಮತ್ತು 1.6 ಕೆ.ಜಿ. ನೀರಾವಿ ಹುಟ್ಟುತ್ತವೆ. ಒಂದು ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಅಡುಗೆಮನೆಯ ಗಾಳಿಗೆ ಸುಮಾರು 57 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಾಗೂ 30 ಲೀಟರ್ ನೀರು ಆವಿಯ ರೂಪದಲ್ಲಿ ಸೇರಿರುತ್ತವೆ. ಗೋಡೆ ಬೆವರುವುದು, ಸುಣ್ಣ ಉದುರುವುದು, ಹಿಟ್ಟಿನ ಮೂಟೆ ಮುಗ್ಗಲಾಗುವುದು ಇವೆಲ್ಲಕ್ಕೂ ಈ ನೀರು ಒಂದು ಕಾರಣ.

ದುಡಿಯುವ ಸ್ಥಳದ ಗಾಳಿಯಲ್ಲಿ ಎಂಟು ಗಂಟೆಗಳ ಕೆಲಸಕ್ಕೆ ಇಂಗಾಲದ ಡೈಆಕ್ಸೈಡ್ ಸರಾಸರಿ ಶೇ. 0.5 ಮೀರಬಾರದೆಂಬುದು ಸಾಮಾನ್ಯವಾಗಿ ಅನುಸರಿಸುವ ಮಿತಿ. ನಮ್ಮ ಉದಾಹರಣೆಯ ಒಲೆ ಗಂಟೆಗೆ ಸುಮಾರು 3.2 ಘನ ಮೀಟರ್‌ನಷ್ಟು ಈ ಅನಿಲವನ್ನು ಬಿಡುತ್ತದೆ. ಒಂದೂ ಸಂದಿಯಿಲ್ಲದ ಕೋಣೆಯೆಂದು ಭಾವಿಸಿದರೆ ಮೂರು ನಾಲ್ಕು ನಿಮಿಷಗಳಲ್ಲೇ ಆ ಮಿತಿ ದಾಟುತ್ತದೆ. ಮಿತಿಯೊಳಗೆ ಇಡಬೇಕಾದರೆ ಗಂಟೆಗೆ ಸುಮಾರು 700 ಘನ ಮೀಟರ್ ಹೊಸ ಗಾಳಿ ಬರಬೇಕು. ಅಂದರೆ ಗಂಟೆಗೆ 20 ಬಾರಿ ಕೋಣೆಯ ಗಾಳಿ ಪೂರ್ತಿ ಬದಲಾಗಬೇಕು. ಇದು ಕನಿಷ್ಠ ಲೆಕ್ಕ. ಶಾಖ, ಜಿಡ್ಡು, ಒಗ್ಗರಣೆಯ ಘಾಟುಗಳನ್ನೂ ಸೆಳೆಯಬೇಕಾದರೆ ಇದಕ್ಕಿಂತ ಹೆಚ್ಚು ಬೇಕು. ದಿನಕ್ಕೆ ಎರಡು ಸಿಲಿಂಡರ್ ಖರ್ಚಾಗುವಲ್ಲಿ ಈ ಅಂಕಿಯನ್ನು ಇಮ್ಮಡಿ ಮಾಡಿಕೊಳ್ಳಬೇಕು. ಕಲ್ಯಾಣ ಮಂಟಪದವರು ಮುಹೂರ್ತದ ದಿನದ ಖರ್ಚನ್ನೂ, ಮೇಲುಕೋಟೆಯವರು ವೈರಮುಡಿ ಉತ್ಸವದ ದಿನಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಹೊರತು ವರ್ಷದ ಸರಾಸರಿಯನ್ನಲ್ಲ.

ಕಿಂಡಿ ಎಲ್ಲಿರಬೇಕು, ಎಷ್ಟಿರಬೇಕು

1. ಕೆಳಗಿನ ಕಿಂಡಿ: ನೆಲಮಟ್ಟದಿಂದ ಒಂದು ಗೇಣಿನೊಳಗೆ, ನೇರವಾಗಿ ಬಯಲಿಗೆ ತೆರೆದಿರಬೇಕು. ಚರಂಡಿಗೆ, ತಗ್ಗಿನ ಕೋಣೆಗೆ ಅಥವಾ ನೆಲಮಾಳಿಗೆಗೆ ತೆರೆಯಬಾರದು. ಸೋರಿದ ಅನಿಲ ಹೊರಹೋಗಲೂ ಹೊಸ ಗಾಳಿ ಒಳಬರಲೂ ಇದೇ ದಾರಿ. ಇಲಿಗಳ ಕಾಟಕ್ಕೆ ಗಟ್ಟಿ ಕಬ್ಬಿಣದ ಜಾಲರಿ ಹಾಕಬೇಕು; ಮುಚ್ಚಬಾರದು.

2. ಮೇಲಿನ ಕಿಂಡಿ: ಸಾಧ್ಯವಾದಷ್ಟು ಚಾವಣಿಯ ಸಮೀಪದಲ್ಲಿ, ಕೆಳಗಿನ ಕಿಂಡಿಗೆ ಎದುರಿನ ಗೋಡೆಯಲ್ಲಿ ಇರುವುದು ಉತ್ತಮ. ಎಗ್ಜಾಸ್ಟ್ ಫ್ಯಾನನ್ನು ಇಲ್ಲಿ ಕೂರಿಸಿದರೂ ಪಕ್ಕದಲ್ಲಿ ಫ್ಯಾನಿಲ್ಲದ ತೆರೆದ ಕಿಂಡಿಯೊಂದಿರಬೇಕು. ವಿದ್ಯುತ್ ಹೋದಾಗ ಫ್ಯಾನು ನಿಲ್ಲುತ್ತದೆ, ಒಲೆ ನಿಲ್ಲುವುದಿಲ್ಲ.

3. ಅಳತೆ: ಗಾಳಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುವುದೆಂದು ಹಿಡಿದರೆ ಗಂಟೆಗೆ 700 ಘನ ಮೀಟರ್‌ಗೆ ಸುಮಾರು 2 ಚದರ ಅಡಿ ಬಯಲು ಬೇಕು. ಸೊಳ್ಳೆ ಪರದೆ ಮತ್ತು ಜಾಲರಿಯ ಕಂಬಿಗಳು ಇದರಲ್ಲಿ ಅರ್ಧದಷ್ಟನ್ನು ನುಂಗಬಹುದು. ಆದ್ದರಿಂದ 4 ಚದರ ಅಡಿಯ ಕಿಂಡಿಯನ್ನು ಇಡುವುದು ಕ್ಷೇಮ.

4. ಶುಚಿತ್ವ: ಜಿಡ್ಡು ಹಿಡಿದ ಜಾಲರಿ ಮುಚ್ಚಿದ ಗೋಡೆಗೆ ಸಮ. ಒಲೆಯ ಮೇಲಿನ ಹುಡ್ ಹಾಗೂ ಕೊಳವೆಯೊಳಗೆ ಕಟ್ಟಿದ ಎಣ್ಣೆ ಜಿಡ್ಡು ಬೆಂಕಿಗೂ ಆಹಾರವಾಗುತ್ತದೆ. ವಾರಕ್ಕೊಮ್ಮೆ ಜಾಲರಿಯನ್ನು, ನಿಗದಿತ ಅವಧಿಗೊಮ್ಮೆ ಕೊಳವೆಯನ್ನು ತೊಳೆಸಿ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು.

ಫ್ಯಾನು ಕೊಂಡ ಮಾತ್ರಕ್ಕೆ ಗಾಳಿ ಬದಲಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಸಾಮರ್ಥ್ಯವು ಯಾವ ಅಡ್ಡಿಯೂ ಇಲ್ಲದ ಬಯಲಿನ ಲೆಕ್ಕ. ಒಳಬರುವ ದಾರಿಯಿಲ್ಲದ ಕೋಣೆಯಲ್ಲಿ ಅದು ಸುಮ್ಮನೆ ತಿರುಗುತ್ತದೆ. ಪರೀಕ್ಷೆ ಸುಲಭ. ಗ್ಯಾಸ್ ವಾಸನೆ ಎಳ್ಳಷ್ಟೂ ಇಲ್ಲವೆಂದು ಖಚಿತಪಡಿಸಿಕೊಂಡು, ಬಾಗಿಲುಗಳನ್ನು ಎಂದಿನಂತೆ ಮುಚ್ಚಿ, ಫ್ಯಾನು ಹಾಕಿ, ಕೆಳಗಿನ ಕಿಂಡಿಯ ಬಳಿ ಊದುಬತ್ತಿ ಹಿಡಿಯಬೇಕು. ಹೊಗೆ ಒಳಮುಖವಾಗಿ ಹರಿದರೆ ಗಾಳಿ ಬರುತ್ತಿದೆಯೆಂದರ್ಥ. ಬಾಗಿಲು ತೆರೆದೊಡನೆ ಫ್ಯಾನಿನ ಸದ್ದು ಬದಲಾದರೆ ಅಥವಾ ಬಾಗಿಲು ಒಳಕ್ಕೆ ಸೆಳೆದರೆ ಕಿಂಡಿ ಸಾಲದೆಂದರ್ಥ.

ಉರಿಯ ಬಣ್ಣವೂ ಒಂದು ಸಾಕ್ಷಿ. ಉರಿ ನೀಲಿಯಾಗಿದ್ದರೆ ಸರಿ. ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ ಅಥವಾ ಗಾಳಿ ಸಾಲುತ್ತಿಲ್ಲ. ಸೋರಿಕೆ ಸೂಚಕ ಯಂತ್ರವನ್ನು ನೆಲದ ಸಮೀಪದಲ್ಲಿಯೂ, ಮಾನಾಕ್ಸೈಡ್ ಸೂಚಕವನ್ನು ಮನುಷ್ಯ ಉಸಿರಾಡುವ ಎತ್ತರದಲ್ಲಿಯೂ ಇಡತಕ್ಕದ್ದು. ಮುಂದೆ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಪಡೆಯುವವರು ಒಂದು ವ್ಯತ್ಯಾಸ ನೆನಪಿಡಬೇಕು: ಅದು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಏರುತ್ತದೆ. ಆಗ ಸೂಚಕವೂ ಮೇಲೆ ಇರಬೇಕು. ಎರಡೂ ಕಿಂಡಿಗಳಿರುವ ಅಡುಗೆಮನೆ ಯಾವ ಅನಿಲಕ್ಕಾದರೂ ಸಿದ್ಧವಾಗಿರುತ್ತದೆ.

ರಾತ್ರಿ ಮಲಗುವವರು

ಹೊರ ಊರಿನಿಂದ ಬಂದ ಕೆಲಸಗಾರರು ಹೋಟೆಲಿನಲ್ಲೇ ಮಲಗುವುದು ಈ ವ್ಯವಹಾರದಲ್ಲಿ ರೂಢಿ. ಮಾಲೀಕನಿಗೆ ಕಾವಲೂ ಆಯಿತು, ಹುಡುಗರಿಗೆ ಬಾಡಿಗೆಯೂ ಉಳಿಯಿತು ಎಂಬ ಲೆಕ್ಕ. ಆದರೆ ಸೋರಿದ ಅನಿಲ ಸೇರುವುದು ನೆಲದಲ್ಲಿ, ಚಾಪೆ ಹಾಸುವುದೂ ನೆಲದಲ್ಲೇ. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್‌ನಲ್ಲಿ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದ ಕೋಣೆಯಲ್ಲಿ ಸಿಲಿಂಡರಿನಿಂದ ಸೋರಿದ ಅನಿಲಕ್ಕೆ ಬೆಂಕಿ ಹೊತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟಗಾಯಗೊಂಡರು. ಅವರಲ್ಲಿ ಎಂಟು ಮಂದಿ ಮುಂದಿನ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಿಲಿಂಡರ್ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು. ಬೇರೆ ಯಾವ ಸುಧಾರಣೆ ತಡವಾದರೂ ಇದನ್ನು ಇಂದೇ ಜಾರಿಗೆ ತರಬಹುದು. ಇದಕ್ಕೆ ತಗಲುವ ಖರ್ಚು ಒಂದು ಕೋಣೆಯ ಬಾಡಿಗೆ ಮಾತ್ರ. ಚಳಿಗೆ ಹೊತ್ತಿಸಿದ ಒಲೆಯ ಮುಂದೆ ಕಿಟಕಿ ಮುಚ್ಚಿ ಕೂರುವ ಅಭ್ಯಾಸವನ್ನೂ ಮಾಲೀಕರು ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ಕಾನೂನಿನ ಅಂಶಗಳು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಪರವಾನಗಿ ಮತ್ತು ನೋಂದಣಿ) ವಿನಿಯಮಗಳು, 2011ರ ನಾಲ್ಕನೆಯ ಅನುಸೂಚಿಯು ಆಹಾರ ತಯಾರಿಸುವ ಸ್ಥಳದಲ್ಲಿ ನೈಸರ್ಗಿಕ ಅಥವಾ ಯಾಂತ್ರಿಕ ಗಾಳಿ ಸಂಚಾರವನ್ನು ನಿರೀಕ್ಷಿಸುತ್ತದೆ. ಮಲಿನ ಭಾಗದಿಂದ ಶುಚಿಯಾದ ಭಾಗಕ್ಕೆ ಗಾಳಿ ಹರಿಯಬಾರದೆಂದೂ ಹೇಳುತ್ತದೆ. ಆದ್ದರಿಂದ ಕೆಳಗಿನ ಕಿಂಡಿಯನ್ನು ಶೌಚಾಲಯ ಅಥವಾ ಕಸದ ತೊಟ್ಟಿಯ ಕಡೆಗೆ ತೆರೆಯಬಾರದು.

ಅನಿಲ ಸಿಲಿಂಡರ್ ನಿಯಮಗಳು, 2016ರ ಪ್ರಕಾರ ಪರವಾನಗಿಯಿಲ್ಲದೆ ಒಂದು ಸಮಯದಲ್ಲಿ 100 ಕೆ.ಜಿ.ವರೆಗೆ ಮಾತ್ರ ಅಡುಗೆ ಅನಿಲವನ್ನು ದಾಸ್ತಾನು ಇಡಬಹುದು. 19 ಕೆ.ಜಿ.ಯ ಐದು ಸಿಲಿಂಡರ್ ಎಂದರೆ 95 ಕೆ.ಜಿ.; ಆರನೆಯದು ಬಂದರೆ ಮಿತಿ ಮೀರಿತು. ಗೃಹಬಳಕೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು 2000ದ ಅಡುಗೆ ಅನಿಲ ಸರಬರಾಜು ನಿಯಂತ್ರಣ ಆದೇಶಕ್ಕೆ ವಿರುದ್ಧ. ದಾಸ್ತಾನು ಸಿಲಿಂಡರುಗಳನ್ನು ನೆಟ್ಟಗೆ ನಿಲ್ಲಿಸಿ, ಸಾಧ್ಯವಾದಷ್ಟೂ ಅಡುಗೆಮನೆಯ ಹೊರಗೆ, ನೆಲಮಟ್ಟದಲ್ಲಿ ಗಾಳಿಯಾಡುವ ಜಾಲರಿಯ ಗೂಡಿನಲ್ಲಿ ಇಡಬೇಕು.

ಲೆಕ್ಕಪತ್ರ, ತೆರಿಗೆ ಮತ್ತು ವಿಮೆ

ಗಾಳಿ ಸಂಚಾರಕ್ಕೆ ಮಾಡುವ ವೆಚ್ಚವನ್ನು ದಂಡದ ಖರ್ಚೆಂದು ತಿಳಿಯುವುದು ಸರಿಯಲ್ಲ. ಮಂಕಾದ ಉರಿಯಿಂದ ಶೇ. 5ರಷ್ಟು ಅನಿಲ ವ್ಯರ್ಥವಾಗುವುದೆಂದು ಇಟ್ಟುಕೊಂಡರೂ, ದಿನಕ್ಕೊಂದು ಸಿಲಿಂಡರಿನಂತೆ ವರ್ಷಕ್ಕೆ 300 ದಿನಗಳಲ್ಲಿ 15 ಸಿಲಿಂಡರ್ ಗಾಳಿಗೆ ಹೋದಂತೆ. ಆ ದಿನದ ದರದಿಂದ ಗುಣಿಸಿದರೆ ಫ್ಯಾನು, ಜಾಲರಿ, ಗಾರೆ ಕೆಲಸಗಳ ವೆಚ್ಚದೊಡನೆ ಹೋಲಿಸಬಹುದಾದ ಮೊತ್ತ ಸಿಗುತ್ತದೆ.

ಇರುವ ಕಿಂಡಿಯ ದುರಸ್ತಿ, ಜಾಲರಿ ಬದಲಾವಣೆ, ಬರ್ನರ್ ಶುಚಿಗೊಳಿಸುವಿಕೆ ಇವು ಆ ವರ್ಷದ ಆದಾಯ ವೆಚ್ಚಗಳು. ಹೊಸ ಹುಡ್, ಕೊಳವೆ, ಫ್ಯಾನು ಬಂಡವಾಳ ವೆಚ್ಚಗಳು. ಅವುಗಳ ಮೇಲೆ ಪ್ರತಿವರ್ಷ ಸವಕಳಿ ದೊರೆಯುತ್ತದೆ. ಜಿ.ಎಸ್.ಟಿ.ಯಲ್ಲಿ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗೂ, ಕಾಂಪೋಸಿಷನ್ ಪದ್ಧತಿಯವರಿಗೂ ಹೂಡುವಳಿ ತೆರಿಗೆ ಜಮೆ ಇಲ್ಲ. ಆದ್ದರಿಂದ ತೆರಿಗೆಯನ್ನೂ ಸೇರಿಸಿ ವೆಚ್ಚ ಲೆಕ್ಕ ಹಾಕಬೇಕು. ಸಾಮಾನ್ಯ ಪದ್ಧತಿಯಲ್ಲಿರುವ ತಿಂಡಿ ತಯಾರಕರಿಗೆ ಯಂತ್ರೋಪಕರಣಗಳ ಮೇಲಿನ ತೆರಿಗೆ ಜಮೆ ಸಿಗುತ್ತದೆ. ಬಂಡವಾಳಕ್ಕೆ ಸೇರಿಸಿದ ಕಟ್ಟಡ ಕಾಮಗಾರಿಯ ಮೇಲೆ ಸಿಗುವುದಿಲ್ಲ. ಬಿಲ್ಲಿನಲ್ಲಿ ಎರಡನ್ನೂ ಪ್ರತ್ಯೇಕವಾಗಿ ನಮೂದಿಸಿಕೊಳ್ಳುವುದು ಜಾಣತನ.

ಬಾಡಿಗೆ ಕಟ್ಟಡಗಳಲ್ಲಿ ಗೋಡೆ ಒಡೆಯಲು ಮಾಲೀಕರು ಒಪ್ಪುವುದಿಲ್ಲವೆಂಬ ದೂರು ಸಾಮಾನ್ಯ. ಕರಾರು ಪತ್ರ ಬರೆಸುವಾಗಲೇ ಅಡುಗೆಮನೆಗೆ ಕಿಂಡಿ ತೆರೆಯುವ ಹಕ್ಕು, ಅದರ ವೆಚ್ಚ ಯಾರದು, ತೆರವು ಮಾಡುವಾಗ ಮುಚ್ಚಿಕೊಡುವ ಹೊಣೆ ಯಾರದು ಎಂಬ ಮೂರು ಅಂಶಗಳನ್ನು ಸೇರಿಸಬೇಕು. ಒಪ್ಪದ ಕಟ್ಟಡದಲ್ಲಿ ಒಲೆ ಹೂಡದಿರುವುದೇ ಲೇಸು.

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ವಿಮೆಯು 5 ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ಯಮಗಳಿಗೆ ಬೆಂಕಿ ಹಾಗೂ ಸ್ಫೋಟದ ನಷ್ಟಕ್ಕೆ ರಕ್ಷಣೆ ಕೊಡುತ್ತದೆ. ಇದು ಆಸ್ತಿಗೆ ಮಾತ್ರ. ಕೆಲಸಗಾರರ ಪರಿಹಾರಕ್ಕೆ ಪ್ರತ್ಯೇಕ ವಿಮೆ ಬೇಕು. ವಿಮೆ ಪಡೆದವನು ತಕ್ಕ ಎಚ್ಚರಿಕೆ ವಹಿಸಿರಬೇಕೆಂಬುದು ವಿಮೆಯ ಮೂಲ ತತ್ವ. ವಾಣಿಜ್ಯ ಸಿಲಿಂಡರಿನ ಬಿಲ್ಲುಗಳು, ಪರಿಶೀಲನೆಯ ದಾಖಲೆ, ಜಾಲರಿ ತೊಳೆದ ದಿನಾಂಕಗಳು ಫೈಲಿನಲ್ಲಿದ್ದರೆ ಸರ್ವೇಯರ್ ಮುಂದೆ ಅವೇ ಮಾತನಾಡುತ್ತವೆ.

ವಾಸನೆ ಬಂದಾಗ

ಗ್ಯಾಸ್ ವಾಸನೆ ಬಂದಲ್ಲಿ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಎಗ್ಜಾಸ್ಟ್ ಫ್ಯಾನಿಗೂ ಇದೇ ನಿಯಮ. ಉರಿಯುವ ಒಲೆ, ದೀಪ, ಊದುಬತ್ತಿಗಳನ್ನು ನಂದಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರನ್ನೂ ಹೊರಗೆ ಕಳುಹಿಸಬೇಕು. ಮೊಬೈಲನ್ನು ಹೊರಗೆ ಬಂದ ಮೇಲೆಯೇ ಬಳಸಿ, 1906 ಸಂಖ್ಯೆಗೆ ಕರೆ ಮಾಡಬೇಕು. ಸೋರಿಕೆಯನ್ನು ಸೋಪಿನ ನೊರೆಯಿಂದ ಪತ್ತೆಮಾಡಬೇಕು. ಕಡ್ಡಿ ಗೀರಿ ನೋಡುವ ಕೆಟ್ಟ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ.

ಉಪಸಂಹಾರ

ವರ್ತಕನು ಪ್ರತಿ ರಾತ್ರಿ ಗಲ್ಲಾ ಎಣಿಸಿ, ಬೀಗ ಎಳೆದು ನೋಡಿ ಮನೆಗೆ ಹೋಗುತ್ತಾನೆ. ಅದೇ ಹೊತ್ತಿನಲ್ಲಿ ಇನ್ನು ಮೂರನ್ನು ನೋಡಬೇಕು: ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದೆಯೇ, ಕೆಳಗಿನ ಕಿಂಡಿ ತೆರೆದಿದೆಯೇ, ಅಡುಗೆಮನೆಯಲ್ಲಿ ಯಾರಾದರೂ ಮಲಗಿದ್ದಾರೆಯೇ. ಇದಕ್ಕೆ ಹಿಡಿಯುವ ಕಾಲ ಒಂದು ನಿಮಿಷ. ಹಿರಿಯರು ಹೊಗೆಗಾಗಿ ಇಟ್ಟ ಬೆಳಕಿಂಡಿ ಯಾವ ಅಂಗಡಿಯ ಅಡುಗೆಮನೆಯಲ್ಲಾದರೂ ಮುಚ್ಚಿದ್ದರೆ ಈ ತಿಂಗಳೇ ಅದನ್ನು ತೆರೆಸುವುದು ಒಳಿತು.